ನೀವು ಮಾಡದ ಸಾಲ, ನೀವು ತೆಗೆಯದ ಸಿಮ್: ಗುರುತು ಕಳವು ಪತ್ತೆ ಹಚ್ಚಿ ಸರಿಪಡಿಸುವ ಕೈಪಿಡಿ

ಪ್ಯಾನ್, ಆಧಾರ್, ಮೊಬೈಲ್ ನಂಬರ್, ಹೆಬ್ಬೆಟ್ಟು. ಈ ನಾಲ್ಕರಲ್ಲಿ ಯಾವುದು ಬೇರೆಯವರ ಕೈಗೆ ಸಿಕ್ಕಿದೆ ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ, ಮಾಡಬೇಕಾದ ಕೆಲಸವೂ ಬದಲಾಗುತ್ತದೆ. ತುಂಬಾ ಜನ ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗುತ್ತಾರೆ. ಎಟಿಎಂ ಪಿನ್ ಬದಲಿಸುತ್ತಾರೆ, ಹೊಸ ಫೋನ್ ಕೊಳ್ಳುತ್ತಾರೆ, ಆದರೆ ತೂತು ಇರುವ ಜಾಗ ಹಾಗೇ ಉಳಿಯುತ್ತದೆ. ಅದಕ್ಕೇ ಇದನ್ನು ಲಕ್ಷಣದಿಂದ ಶುರು ಮಾಡಿದ್ದೇನೆ. ನಿಮಗೆ ಕಂಡದ್ದು ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಿ.

ಒಂದು ಮಾತು ಮಾತ್ರ ಎಲ್ಲರಿಗೂ. ಖಾತೆಯಿಂದ ಹಣ ಈಗಷ್ಟೇ ಹೋಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ 1930ಕ್ಕೆ ಕರೆ ಮಾಡಿ. ಅದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಅಲ್ಲಿ ದೂರು ದಾಖಲಾದರೆ ಹಣ ಹೋಗಿ ಸೇರಿದ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆ ಹಿಡಿಯಲು ಆಗುತ್ತದೆ. ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ, ಹಾಗಾಗಿ ಮೊದಲ ಒಂದೆರಡು ಗಂಟೆಗೆ ಇರುವ ಬೆಲೆ ಮರುದಿನಕ್ಕೆ ಇರುವುದಿಲ್ಲ. ಆಮೇಲೆ ನಿಮ್ಮ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡ್, ಯುಪಿಐ ಮೂರನ್ನೂ ನಿಲ್ಲಿಸಿ. ದೂರಿನ ಸಂಖ್ಯೆ ಬರೆದುಕೊಳ್ಳಿ.

ಲಕ್ಷಣ: "ನಿಮ್ಮ ಆಧಾರ್ ದುರ್ಬಳಕೆಯಾಗಿದೆ" ಎಂದು ಯಾರೋ ಕರೆ ಮಾಡಿದ್ದಾರೆ

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಆ ಕರೆಯ ಹೊರತಾಗಿ ಬೇರೆ ಯಾವ ಲಕ್ಷಣವಾದರೂ ಇದೆಯೇ? ಇಲ್ಲ ಎಂದಾದರೆ ಹೆಚ್ಚಾಗಿ ಕಳವು ಇನ್ನೂ ಆಗಿಲ್ಲ, ಆ ಕರೆಯ ಮೂಲಕ ಆಗುವುದರಲ್ಲಿದೆ. ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಹೆಸರಲ್ಲಿ ಕೇಸಿದೆ, ವಿಡಿಯೊ ಕರೆಯಲ್ಲೇ ಇರಿ, ಮನೆಯವರಿಗೂ ಹೇಳಬೇಡಿ ಎನ್ನುತ್ತಾರೆ. ಪೊಲೀಸರಾಗಲಿ, ಸಿಬಿಐ ಆಗಲಿ ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ತನಿಖೆಗೆಂದು ಹಣವನ್ನು "ಸುರಕ್ಷಿತ ಖಾತೆ"ಗೆ ಹಾಕಿ ಎಂದು ಯಾವ ಇಲಾಖೆಯೂ ಕೇಳುವುದಿಲ್ಲ.

ಕರೆ ಕಟ್ ಮಾಡಿ. ಅದೇ ನಂಬರಿಗೆ ವಾಪಸ್ ಮಾಡಬೇಡಿ. ಮನೆಯಲ್ಲಿ ಒಬ್ಬರಿಗೆ ಹೇಳಿ. ಈ ಮೋಸದ ಬಲವೆಲ್ಲ ನಿಮ್ಮನ್ನು ಒಂಟಿ ಮಾಡುವುದರಲ್ಲಿದೆ, ಹಾಗಾಗಿ ಇನ್ನೊಬ್ಬರಿಗೆ ಹೇಳಿದ ಕೂಡಲೇ ಅರ್ಧ ಕಡಿಮೆಯಾಗುತ್ತದೆ. ಅನುಮಾನ ಉಳಿದರೆ ಕೆಳಗಿನ ತಪಾಸಣೆಗಳನ್ನು ನೀವೇ ಮಾಡಿ ನೋಡಿ. ಯಾವುದಕ್ಕೂ ದುಡ್ಡು ಬೇಕಿಲ್ಲ.

ಲಕ್ಷಣ: ಕೇಳದೇ ಇದ್ದರೂ ಓಟಿಪಿ ಬರುತ್ತಿದೆ

ಒಂದು ಓಟಿಪಿ ಬಂದರೆ ಯಾರೋ ನಂಬರ್ ತಪ್ಪಾಗಿ ಒತ್ತಿರಬಹುದು. ಹಾಗಂತ ಅಳಿಸಿಬಿಡಬೇಡಿ, ಸಂದೇಶವನ್ನು ಪೂರ್ತಿ ಓದಿ. ಯಾರು ಕಳಿಸಿದ್ದು, ಯಾವುದಕ್ಕೆ ಎಂದು ಅದರಲ್ಲೇ ಇರುತ್ತದೆ. ಆಧಾರ್ ಓಟಿಪಿ ಬಂದಿದ್ದರೆ ನಿಮ್ಮ ಆಧಾರ್ ಸಂಖ್ಯೆ ಯಾರ ಹತ್ತಿರವೋ ಇದೆ ಎಂದರ್ಥ. ಬೇರೆ ಬೇರೆ ಸಾಲದ ಕಂಪನಿಗಳಿಂದ ಒಂದರ ಹಿಂದೆ ಒಂದು ಬರುತ್ತಿದ್ದರೆ ಯಾರೋ ನಿಮ್ಮ ವಿವರ ಇಟ್ಟುಕೊಂಡು ಅರ್ಜಿ ಹಾಕುತ್ತಿದ್ದಾರೆ. ಓಟಿಪಿ ನೀವು ಕೊಡದಿದ್ದರೆ ಅವರ ಕೆಲಸ ಅಲ್ಲಿಗೇ ನಿಂತಿರುತ್ತದೆ. "ತಪ್ಪಿ ನಿಮಗೆ ಬಂದಿದೆ, ಸ್ವಲ್ಪ ಹೇಳ್ತೀರಾ" ಎಂದು ಎಷ್ಟೇ ವಿನಯದಿಂದ ಕೇಳಿದರೂ ಕೊಡಬೇಡಿ.

"ನಿಮ್ಮ ಕ್ರೆಡಿಟ್ ರಿಪೋರ್ಟನ್ನು ಇಂಥ ಸಂಸ್ಥೆ ನೋಡಿದೆ" ಎಂಬ ಸಂದೇಶವೂ ಇದೇ ಜಾತಿಯದು. ಕ್ರೆಡಿಟ್ ರಿಪೋರ್ಟ್ ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ಪಟ್ಟಿ, ಅದನ್ನು ಇಡುವುದು ಸಿಬಿಲ್‌ನಂಥ ಬ್ಯೂರೋಗಳು. ಯಾರಾದರೂ ಸಾಲ ಕೊಡುವವರು ನಿಮ್ಮ ರಿಪೋರ್ಟ್ ತೆಗೆದರೆ ನಿಮಗೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ನೀವು ಎಲ್ಲೂ ಸಾಲ ಕೇಳಿಲ್ಲ, ಆದರೂ ಇಂಥ ಸಂದೇಶ ಬಂತು ಎಂದರೆ ಅದೇ ದಿನ ರಿಪೋರ್ಟ್ ತೆಗೆದು ನೋಡಿ. ಸಂದೇಶದಲ್ಲಿರುವ ಲಿಂಕ್ ಒತ್ತಬೇಡಿ, ಬ್ಯೂರೋದ ವೆಬ್‌ಸೈಟಿಗೆ ನೀವೇ ಹೋಗಿ.

ಲಕ್ಷಣ: ಫೋನಿನ ಸಿಗ್ನಲ್ ಇದ್ದಕ್ಕಿದ್ದಂತೆ ಮಾಯವಾಗಿದೆ

ಮೊದಲು ಫೋನ್ ಆಫ್ ಮಾಡಿ ಆನ್ ಮಾಡಿ. ಪಕ್ಕದಲ್ಲಿ ಅದೇ ಕಂಪನಿಯ ಸಿಮ್ ಇರುವವರಿಗೆ ಸಿಗ್ನಲ್ ಇದೆಯಾ ನೋಡಿ. ಅವರಿಗೂ ಇಲ್ಲ ಎಂದರೆ ಟವರಿನ ತೊಂದರೆ. ಅವರಿಗೆ ಇದ್ದು ನಿಮಗಿಲ್ಲವೇ? ನಿಮ್ಮ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿ ನೋಡಿ. ಅಲ್ಲೂ ಸತ್ತಿದ್ದರೆ ಕಾಯುತ್ತಾ ಕೂರಬೇಡಿ. ಬೇರೆ ಫೋನಿನಿಂದ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಎರಡೇ ಪ್ರಶ್ನೆ ಕೇಳಿ: ಈ ನಂಬರಿಗೆ ಹೊಸ ಸಿಮ್ ಕೊಟ್ಟಿದ್ದೀರಾ? ಪೋರ್ಟ್ ಮಾಡಲು ಕೋರಿಕೆ ಬಂದಿದೆಯಾ?

ಎರಡರಲ್ಲಿ ಒಂದಕ್ಕೆ ಹೌದು ಎಂದರೆ ಇದು ಸಿಮ್ ಕಳವು. ನಿಮ್ಮ ನಂಬರಿನ ಓಟಿಪಿಗಳೆಲ್ಲ ಇನ್ನು ಮುಂದೆ ಅವರ ಫೋನಿಗೆ ಹೋಗುತ್ತವೆ. ಸಿಮ್ ತಡೆಯಲು ಹೇಳಿ. ಕೂಡಲೇ ಬ್ಯಾಂಕಿಗೆ ಹೇಳಿ ನೆಟ್ ಬ್ಯಾಂಕಿಂಗ್, ಯುಪಿಐ ನಿಲ್ಲಿಸಿ. ಆಮೇಲೆ ಇಮೇಲ್ ಪಾಸ್‌ವರ್ಡ್ ಬದಲಿಸಿ. ಇಮೇಲನ್ನು ಜನ ಮರೆತುಬಿಡುತ್ತಾರೆ. ಉಳಿದ ಎಷ್ಟೋ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ ಅಲ್ವಾ?

ಸಿಗ್ನಲ್ ಇದೆ, ಆದರೆ ಕರೆಗಳು ಬರುತ್ತಿಲ್ಲ ಎಂದಾದರೆ ಕರೆಗಳನ್ನು ಬೇರೆಡೆಗೆ ತಿರುಗಿಸಿರಬಹುದು. ##002# ಎಂದು ಒತ್ತಿ ಕರೆ ಮಾಡಿದರೆ ಎಲ್ಲ ಕಾಲ್ ಫಾರ್ವರ್ಡ್ ರದ್ದಾಗುತ್ತದೆ.

ಲಕ್ಷಣ: ಓಟಿಪಿಯೇ ಬರಲಿಲ್ಲ, ಆದರೂ ಖಾತೆಯಿಂದ ಹಣ ಹೋಗಿದೆ

ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್ ನೋಡಿ. ಆ ಸಾಲಿನಲ್ಲಿ ಎಇಪಿಎಸ್ (AEPS), ಅಂದರೆ ಆಧಾರ್ ಮೂಲಕ ಹಣ ಪಾವತಿಸುವ ವ್ಯವಸ್ಥೆ, ಎಂಬ ಅಕ್ಷರಗಳಿವೆಯೇ? ಇದ್ದರೆ ಹಣ ಹೋಗಿರುವುದು ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನಿಂದ. ಬ್ಯಾಂಕ್ ಪ್ರತಿನಿಧಿಗಳ ಹತ್ತಿರ ಇರುವ ಮೈಕ್ರೊ ಎಟಿಎಂ ಎಂಬ ಪುಟ್ಟ ಯಂತ್ರದಲ್ಲಿ ಬೆರಳು ಒತ್ತಿದರೆ ಸಾಕು, ಕಾರ್ಡೂ ಬೇಡ, ಓಟಿಪಿಯೂ ಬೇಡ. ಸಾಮಾನ್ಯವಾಗಿ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಆದ್ದರಿಂದ ಅದೇ ಮೊತ್ತ ಮತ್ತೆ ಮತ್ತೆ ಹೋಗಿರುವುದು ಇದರ ಗುರುತು.

ನನ್ನ ಬೆರಳು ನನ್ನ ಹತ್ತಿರವೇ ಇದೆಯಲ್ಲ ಎಂದು ಎಲ್ಲರೂ ಕೇಳುತ್ತಾರೆ. ಜಮೀನು, ಸೈಟು ನೋಂದಣಿಯಾದ ಪತ್ರಗಳಲ್ಲಿ ಹೆಬ್ಬೆಟ್ಟಿನ ಗುರುತು, ಆಧಾರ್ ಎರಡೂ ಇರುತ್ತವೆ. ಆ ಗುರುತನ್ನು ನಕಲು ಮಾಡಿ ರಬ್ಬರಿನಂಥ ವಸ್ತುವಿನ ಮೇಲೆ ಅಚ್ಚು ತೆಗೆದು ಹಣ ಎತ್ತಿದ ಪ್ರಕರಣಗಳು ಕರ್ನಾಟಕದಲ್ಲೂ ಆಗಿವೆ.

ಪರಿಹಾರ ಪುಕ್ಕಟೆ, ಹತ್ತು ನಿಮಿಷದ ಕೆಲಸ. ಮೈಆಧಾರ್ ವೆಬ್‌ಸೈಟಿಗೆ ಹೋಗಿ ಬಯೋಮೆಟ್ರಿಕ್ ಲಾಕ್ ಮಾಡಿ. ಆಧಾರಿಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಲಾಕ್ ಇರುವಾಗ ಬೆರಳು, ಕಣ್ಣು, ಮುಖ ಯಾವುದೂ ನಡೆಯುವುದಿಲ್ಲ. ರೇಷನ್‌ಗೆ ಹೆಬ್ಬೆಟ್ಟು ಕೊಡಬೇಕಾದ ದಿನ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚಬಹುದು. ಮನೆಯ ಹಿರಿಯರ ಆಧಾರಿಗೆ ಇದನ್ನು ನೀವೇ ಕೂತು ಮಾಡಿಕೊಡಿ. ಪಿಂಚಣಿ ಬರುವ ಖಾತೆಯಿಂದ ಹಣ ಹೋದದ್ದು ಅವರಿಗೆ ಗೊತ್ತಾಗುವುದು ಎಷ್ಟೋ ಸಲ ಮುಂದಿನ ತಿಂಗಳು ಬ್ಯಾಂಕಿಗೆ ಹೋದಾಗ.

ಅದೇ ವೆಬ್‌ಸೈಟಿನಲ್ಲಿ ದೃಢೀಕರಣದ ಇತಿಹಾಸವೂ ಸಿಗುತ್ತದೆ. ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರನ್ನು ಯಾರು, ಯಾವಾಗ, ಓಟಿಪಿಯಿಂದಲೋ ಬೆರಳಿನಿಂದಲೋ ಬಳಸಿದರು, ಅದು ಪಾಸಾಯಿತೋ ಇಲ್ಲವೋ ಎಂದು ತೋರಿಸುತ್ತದೆ. ಇದನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತದೆ. ಅರ್ಥವಾಗದಿದ್ದರೆ ಆಧಾರ್ ಸಹಾಯವಾಣಿ 1947.

ಈಗ ಬ್ಯಾಂಕಿನ ವಿಷಯ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮವನ್ನು ದೂರಿನಲ್ಲಿ ಹೆಸರಿಸಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರು ಮಾಡಿದ್ದು ಎಂದಾಗ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಿಮಗೆ ನಷ್ಟ ಹೊರಿಸುವಂತಿಲ್ಲ ಎಂದು ಅದು ಹೇಳುತ್ತದೆ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ನಿಮ್ಮ ಪಾಲು ಒಂದು ವ್ಯವಹಾರಕ್ಕೆ ಹೆಚ್ಚೆಂದರೆ 10,000 ರೂಪಾಯಿ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ದೂರು ಕೊಟ್ಟ 10 ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನದಲ್ಲಿ ತೀರ್ಮಾನಿಸಬೇಕು. ತಪ್ಪು ಗ್ರಾಹಕರದು ಎಂದು ತೋರಿಸುವ ಹೊಣೆಯೂ ಬ್ಯಾಂಕಿನದೇ. ಓಟಿಪಿ ನೀವೇ ಕೊಟ್ಟಿದ್ದರೆ ಲೆಕ್ಕ ಬೇರೆ: ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹಾಗಾಗಿ ನಾಚಿಕೆಯಿಂದ ಸುಮ್ನೆ ಕೂತರೆ ನಷ್ಟ ಜಾಸ್ತಿಯೇ ಆಗುತ್ತದೆ.

ಶಾಖೆಯಲ್ಲಿ ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ಲಕ್ಷಣ: ಮಾಡದ ಸಾಲಕ್ಕೆ ವಸೂಲಿ ಕರೆ, ಅಥವಾ ಸಿಬಿಲ್ ಸ್ಕೋರ್ ಕುಸಿದಿದೆ

ಇದು ಎಲ್ಲಕ್ಕಿಂತ ನಿಧಾನವಾಗಿ ಸರಿಯಾಗುವ ದೋಷ. ನಾನೇ ಅನುಭವಿಸಿದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ತಪಾಸಣೆ ನಿಮ್ಮ ನೆನಪಿನದು. ರಿಪೋರ್ಟಿನಲ್ಲಿ ಆ್ಯಪಿನ ಹೆಸರು ಇರುವುದಿಲ್ಲ, ಅದರ ಹಿಂದೆ ಹಣ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರು ಇರುತ್ತದೆ. ಎರಡು ವರ್ಷದ ಹಿಂದೆ ಕಂತಿನಲ್ಲಿ ಕೊಂಡ ಮೊಬೈಲ್, "ಈಗ ಕೊಳ್ಳಿ, ಆಮೇಲೆ ಕೊಡಿ" ಎಂಬ ಸೌಲಭ್ಯ, ಗೆಳೆಯರಿಗೆ ಹಾಕಿದ ಜಾಮೀನು ಸಹಿ, ಇವೆಲ್ಲ ಕೇಳದ ಹೆಸರಿನಲ್ಲಿ ಬಂದು ಕೂತಿರುತ್ತವೆ. ತಾರೀಖು ಮತ್ತು ಮೊತ್ತ ಹೊಂದಿಸಿ ನೋಡಿ.

ನೆನಪಿಗೆ ಬರಲಿಲ್ಲವೇ? ಪೂರ್ತಿ ರಿಪೋರ್ಟ್ ತೆಗೆಯಿರಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಈ ನಾಲ್ಕೂ ಬ್ಯೂರೋಗಳು ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಉಚಿತವಾಗಿ ಕೊಡಬೇಕು. ಒಂದರಲ್ಲಿ ಇರುವ ಸಾಲ ಇನ್ನೊಂದರಲ್ಲಿ ಕಾಣದೆ ಇರಬಹುದು, ನಾಲ್ಕನ್ನೂ ನೋಡಿ.

ರಿಪೋರ್ಟ್ ಓದುವಾಗ ಎಲ್ಲರೂ ಸ್ಕೋರನ್ನೇ ನೋಡುತ್ತಾರೆ. ಅದನ್ನು ಬಿಡಿ, ಮೂರು ಜಾಗ ನೋಡಿ. ವಿಚಾರಣೆ (ಎನ್‌ಕ್ವೈರಿ) ಎಂಬ ಭಾಗದಲ್ಲಿ ಮಾತ್ರ ಸಾಲದ ಕಂಪನಿಯ ಹೆಸರಿದ್ದರೆ ಯಾರೋ ಪ್ರಯತ್ನಿಸಿದ್ದಾರೆ, ಸಾಲ ಸಿಕ್ಕಿಲ್ಲ. ಖಾತೆಗಳ ಭಾಗದಲ್ಲಿ ಇದ್ದರೆ ಸಾಲ ಸಿಕ್ಕಿದೆ. ಮೂರನೆಯದು ವಿಳಾಸ ಮತ್ತು ಫೋನ್ ನಂಬರ್‌ಗಳ ಪಟ್ಟಿ. ಅಲ್ಲಿ ನಿಮ್ಮದಲ್ಲದ ನಂಬರ್ ಇದ್ದರೆ ಅದು ಕಳ್ಳರು ಅರ್ಜಿಯಲ್ಲಿ ಬರೆದದ್ದಿರಬಹುದು. ಪೊಲೀಸರಿಗೆ ಅದಕ್ಕಿಂತ ಒಳ್ಳೆಯ ಸುಳಿವು ನಿಮ್ಮ ಕೈಯಲ್ಲಿ ಬೇರೆ ಇರುವುದಿಲ್ಲ. ಹುಟ್ಟಿದ ತಾರೀಖು, ಪ್ಯಾನ್ ನಿಮ್ಮದಲ್ಲದೆ ಹೆಸರು ಮಾತ್ರ ಒಂದೇ ಆಗಿದ್ದರೆ ಅದು ಕಳವಲ್ಲ, ಇನ್ನೊಬ್ಬರ ಸಾಲ ತಪ್ಪಿ ನಿಮ್ಮ ಲೆಕ್ಕಕ್ಕೆ ಸೇರಿದೆ. ತಿದ್ದಿಸುವ ದಾರಿ ಅದೇ, ಪೊಲೀಸ್ ದೂರು ಬೇಕಾಗುವುದಿಲ್ಲ.

ನನ್ನ ಹೆಸರಲ್ಲಿ ಇದ್ದದ್ದು ಚಿಕ್ಕ ಸಾಲ, ನಾಲ್ಕು ಸಾವಿರ ಚಿಲ್ಲರೆ. ಕಂಪನಿಯ ಗ್ರಾಹಕ ಸೇವೆಯವರು ಪ್ರತಿ ಸಲವೂ "ಮೊದಲು ಕಟ್ಟಿಬಿಡಿ ಸರ್, ಆಮೇಲೆ ನೋಡೋಣ" ಎನ್ನುತ್ತಿದ್ದರು. ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು ನನಗೂ ಅನಿಸಿತ್ತು. ಕೊನೆಗೆ ಇಮೇಲಿನಲ್ಲಿ ಒಂದೇ ಪ್ರಶ್ನೆ ಬರೆದೆ: ಈ ಸಾಲದ ಹಣವನ್ನು ಯಾವ ಬ್ಯಾಂಕಿನ ಯಾವ ಖಾತೆಗೆ ಹಾಕಿದ್ದೀರಿ? ಖಾತೆದಾರರ ಹೆಸರೇನು? ಅಷ್ಟು ದಿನ ಫೋನಿನಲ್ಲಿ ಅರಚುತ್ತಿದ್ದವರು ಸುಮ್ಮನಾದರು. ಖಾತೆ ನನ್ನದಾಗಿರಲಿಲ್ಲ. ಅರ್ಜಿಯಲ್ಲಿದ್ದ ಫೋಟೊ ಕೂಡ ನನ್ನದಲ್ಲ.

ಆ ಪ್ರಶ್ನೆಗೆ ಬಲ ಇರುವುದಕ್ಕೆ ಕಾರಣ ಇದೆ. ಡಿಜಿಟಲ್ ಸಾಲದ ಹಣವನ್ನು ಸಾಲಗಾರರ ಖಾತೆಗೇ ನೇರವಾಗಿ ಹಾಕಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಕೆಲವು ವಿನಾಯಿತಿಗಳಿವೆ, ಆದರೆ ಹಣ ಎಲ್ಲಿಗೆ ಹೋಯಿತು ಎಂಬ ದಾಖಲೆ ಅವರಲ್ಲಿ ಇರಲೇಬೇಕು. ಅದರ ಜೊತೆ ಅರ್ಜಿ, ಸಾಲದ ಒಪ್ಪಂದ, ಕೆವೈಸಿ ದಾಖಲೆ, ಸೆಲ್ಫಿ, ಬಳಸಿದ ಮೊಬೈಲ್ ನಂಬರ್ ಇವನ್ನೂ ಕೇಳಿ.

ದೂರು ಎರಡು ಕಡೆ ಕೊಡಬೇಕು: ಸಾಲ ಕೊಟ್ಟ ಸಂಸ್ಥೆಗೆ ಮತ್ತು ಬ್ಯೂರೋಗೆ. ಬ್ಯೂರೋ ತಾನಾಗಿ ಅಳಿಸುವುದಿಲ್ಲ, ಸಂಸ್ಥೆಯನ್ನು ಕೇಳಿಯೇ ತಿದ್ದುತ್ತದೆ. ದೂರು ಕೊಟ್ಟ 30 ದಿನದಲ್ಲಿ ತೀರ್ಮಾನವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಈ ಮಾತನ್ನು ಪತ್ರದಲ್ಲಿ ಬರೆಯಿರಿ. 30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಎಂದರೆ ಇಂಥ ದೂರುಗಳನ್ನು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್, ಹತ್ತಿರ ಹೋಗಿ. ಅದರ ಸಹಾಯವಾಣಿ 14448, ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಎಚ್ಚರಿಕೆ: ನಿಮ್ಮದಲ್ಲದ ಸಾಲಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತೆ ಕಾಣುತ್ತದೆ. ಕಡಿಮೆ ಮೊತ್ತ ಕಟ್ಟಿ "ಸೆಟಲ್" ಮಾಡಿಕೊಂಡರೆ ಆ ಗುರುತು ರಿಪೋರ್ಟಿನಲ್ಲಿ ಉಳಿದು ಮುಂದಿನ ಸಾಲಕ್ಕೆ ಅಡ್ಡ ಬರುತ್ತದೆ. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸಿದರೆ, ನಿಮ್ಮ ಫೋನಿನಲ್ಲಿರುವ ಬೇರೆಯವರಿಗೆ ಕರೆ ಮಾಡಿದರೆ, ಅದನ್ನೂ ತಾರೀಖಿನ ಜೊತೆ ಬರೆದಿಡಿ.

ಲಕ್ಷಣ: ಗಳಿಸದ ಆದಾಯಕ್ಕೆ ತೆರಿಗೆ ನೋಟಿಸ್

ನೋಟಿಸ್ ನಿಜವೇ ಎಂಬುದನ್ನು ಮೊದಲು ನೋಡಿ. ಆದಾಯ ತೆರಿಗೆ ಪೋರ್ಟಲಿಗೆ ನೀವೇ ಲಾಗಿನ್ ಆಗಿ, ಅಲ್ಲೂ ಅದು ಇದ್ದರೆ ನಿಜ. ಆಮೇಲೆ ನಿಮ್ಮ ಪ್ಯಾನಿನಲ್ಲಿ ಕಡಿತವಾದ ತೆರಿಗೆ ತೋರಿಸುವ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ತೆರೆಯಿರಿ. ಕೆಲಸ ಮಾಡದ ಕಂಪನಿಯ ಸಂಬಳ, ತೆರೆಯದ ಖಾತೆಯ ಬಡ್ಡಿ ಅಲ್ಲಿದ್ದರೆ ಪ್ಯಾನ್ ಬಳಕೆಯಾಗಿದೆ. ಆ ಸಾಲಿನ ಎದುರಿಗೇ "ಇದು ನನ್ನದಲ್ಲ" ಎಂದು ಪ್ರತಿಕ್ರಿಯೆ ಕೊಡುವ ಅವಕಾಶ ಇದೆ.

ವ್ಯಾಪಾರದ ವಹಿವಾಟು ಕಂಡರೆ ಜಿಎಸ್‌ಟಿ ಪೋರ್ಟಲಿನಲ್ಲಿ ಪ್ಯಾನ್ ಹಾಕಿ ಹುಡುಕಿ, ಲಾಗಿನ್ ಬೇಡ. ನಿಮ್ಮ ಪ್ಯಾನಿನಲ್ಲಿ ಯಾರೋ ಅಂಗಡಿ ನೋಂದಾಯಿಸಿದ್ದರೆ ಅಲ್ಲಿ ಗೊತ್ತಾಗುತ್ತದೆ. ಹಾಗೆ ಸಿಕ್ಕಿದರೆ ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲಿಗೆ ಮುಗಿಯಿತು. ಪೊಲೀಸ್ ದೂರು ಕೊಟ್ಟು, ಜಿಎಸ್‌ಟಿ ಕಚೇರಿಗೆ ಬರೆದು, ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಹತ್ತಿರ ಹೋಗಿ. ನೋಟಿಸಿಗೆ ಕೊಟ್ಟ ಗಡುವು ದಾಟಲು ಬಿಡಬೇಡಿ. ಉತ್ತರ ಕೊಡದೇ ಇದ್ದರೆ ಆ ಆದಾಯ ನಿಮ್ಮದೇ ಎಂದು ಆದೇಶ ಬರಬಹುದು.

ಲಕ್ಷಣ: ನಿಮ್ಮ ನಂಬರಿನಿಂದ ಮೋಸವಾಗಿದೆ ಎಂದು ಠಾಣೆಯಿಂದ ನೋಟಿಸ್

ಸಂಚಾರ್ ಸಾಥಿ ಎಂಬ ಸರ್ಕಾರಿ ಪೋರ್ಟಲ್ 2023ರ ಮೇ ತಿಂಗಳಿಂದ ಇದೆ. ನಿಮ್ಮ ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಟ್ಟರೆ ನಿಮ್ಮ ಹೆಸರಲ್ಲಿರುವ ಎಲ್ಲ ಸಿಮ್‌ಗಳೂ ಕಾಣುತ್ತವೆ. ಒಬ್ಬರ ಹೆಸರಲ್ಲಿ 9 ಸಿಮ್‌ವರೆಗೆ ಇರಬಹುದು, ಹಾಗಾಗಿ ಕಳ್ಳ ಸಿಮ್ ಗಮನಕ್ಕೆ ಬರದೇ ವರ್ಷಗಟ್ಟಲೆ ಓಡುತ್ತದೆ. ಮನೆಯವರಿಗೆ ನೀವೇ ತೆಗೆಸಿಕೊಟ್ಟ ನಂಬರ್‌ಗಳನ್ನು ಮೊದಲು ಬೇರೆ ಮಾಡಿ. ಉಳಿದದ್ದಕ್ಕೆ "ನನ್ನ ನಂಬರ್ ಅಲ್ಲ" ಎಂದು ಗುರುತು ಹಾಕಿ, ಬರುವ ಕೋರಿಕೆ ಸಂಖ್ಯೆ ಇಟ್ಟುಕೊಳ್ಳಿ.

ಠಾಣೆಯಿಂದ ನಿಜವಾದ ನೋಟಿಸ್ ಬಂದಿದ್ದರೆ, ಅಥವಾ ನಿಮ್ಮ ಹೆಸರಲ್ಲಿ ಯಾರೋ ತೆರೆದ ಬ್ಯಾಂಕ್ ಖಾತೆ ಮೋಸದ ಹಣಕ್ಕೆ ಬಳಕೆಯಾಗಿದ್ದರೆ, ಇಲ್ಲಿ ನೀವೇ ರಿಪೇರಿ ಮಾಡಲು ಹೋಗಬೇಡಿ. ಹೋಗುವ ಮೊದಲೇ ವಕೀಲರೊಬ್ಬರನ್ನು ಕಾಣಿ. ವಕೀಲರ ಖರ್ಚು ಕಷ್ಟವಾದರೆ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಂಸ್ಥೆಯಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ.

ಪೊಲೀಸ್ ದೂರು: ಯಾವಾಗ, ಹೇಗೆ

ಸಾಲ, ಸಿಮ್, ಖಾತೆ, ಜಿಎಸ್‌ಟಿ ಇವುಗಳಲ್ಲಿ ಒಂದು ನಿಮ್ಮ ಹೆಸರಲ್ಲಿ ಹುಟ್ಟಿಕೊಂಡಿದೆ ಎಂದು ಖಚಿತವಾದ ಮೇಲೆ ದೂರು ಬೇಕೇ ಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಬರೆಯಬಹುದು, ಹತ್ತಿರದ ಠಾಣೆಗೂ ಹೋಗಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಇದಕ್ಕೆಂದೇ ಇದೆ. ಇನ್ನೊಬ್ಬರ ಸಹಿ, ಪಾಸ್‌ವರ್ಡ್, ಗುರುತನ್ನು ಮೋಸದಿಂದ ಬಳಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಮ್ಮ ವ್ಯಾಪ್ತಿಯಲ್ಲ ಎಂದು ಠಾಣೆಯಲ್ಲಿ ಹೇಳಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೆನಪಿಸಿ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ಬರೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ.

ದೂರಿನಲ್ಲಿ ಕಥೆ ಬೇಡ. ಯಾವ ದಿನ ಏನು ಕಂಡಿತು, ಯಾರಿಗೆ ತಿಳಿಸಿದಿರಿ, ದೂರಿನ ಸಂಖ್ಯೆ ಏನು, ಅಷ್ಟನ್ನು ತಾರೀಖಿನ ಕ್ರಮದಲ್ಲಿ ಬರೆಯಿರಿ. ಸ್ಕ್ರೀನ್‌ಶಾಟ್, ರಿಪೋರ್ಟ್, ಇಮೇಲ್ ಪ್ರಿಂಟ್ ಜೊತೆಗಿಡಿ. ಸಂದೇಶಗಳನ್ನು ಅಳಿಸಬೇಡಿ, ಫೋನ್ ಫಾರ್ಮ್ಯಾಟ್ ಮಾಡಬೇಡಿ.

ಕಷ್ಟದ ಮಾತೊಂದಿದೆ. ಕೆಲವೊಮ್ಮೆ ಕ್ರೆಡಿಟ್ ರಿಪೋರ್ಟಿನ ವಿಳಾಸದ ಪಟ್ಟಿಯಲ್ಲಿ ಪರಿಚಯದವರ ಮನೆಯೇ ಸಿಗುತ್ತದೆ. ದೂರು ಕೊಡುವುದೋ ಬಿಡುವುದೋ ಎಂದು ತಿಂಗಳುಗಟ್ಟಲೆ ಒದ್ದಾಡುವವರನ್ನು ನೋಡಿದ್ದೇನೆ. ಆ ತೀರ್ಮಾನ ನಿಮ್ಮದು. ಆದರೆ ಸಾಲ ನನ್ನದಲ್ಲ ಎಂದು ಸಂಸ್ಥೆಗೆ ಬರೆಯುವುದನ್ನಾದರೂ ತಡ ಮಾಡಬೇಡಿ.

ಸರಿಯಾದ ಮೇಲೆ

ಇನ್ನು ಮುಂದೆ ಆಧಾರ್ ಕೊಡಬೇಕಾದ ಕಡೆ ಮಾಸ್ಕ್ ಮಾಡಿದ ಪ್ರತಿ ಕೊಡಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಜೆರಾಕ್ಸ್ ಪ್ರತಿಯ ಮೇಲೆ ಅಡ್ಡಲಾಗಿ, ಅಕ್ಷರಗಳ ಮೇಲೇ ಹಾಯುವಂತೆ, ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆದು ಸಹಿ ಮಾಡಿ.

ಸಾಲ ಅಳಿಸಿದ್ದೇವೆ ಎಂಬ ಪತ್ರವನ್ನು ಸಂಸ್ಥೆಯಿಂದ ಕೇಳಿ ಪಡೆಯಿರಿ. ಎರಡು ತಿಂಗಳು ಬಿಟ್ಟು ನಾಲ್ಕೂ ರಿಪೋರ್ಟ್ ಮತ್ತೆ ನೋಡಿ, ಆರು ತಿಂಗಳಿಗೆ ಇನ್ನೊಮ್ಮೆ. ಬಾಕಿ ಸಾಲಗಳನ್ನು ಕಂಪನಿಗಳು ಬೇರೆಯವರಿಗೆ ಮಾರುವುದುಂಟು. ಆಗ ಅಳಿಸಿದ ಸಾಲವೇ ಹೊಸ ಹೆಸರಿನಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು. ಹಾಗಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಆ ಪತ್ರವನ್ನೂ ಎಫ್‌ಐಆರ್ ಪ್ರತಿಯನ್ನೂ ಲಗತ್ತಿಸಿ ಹೊಸ ಕಂಪನಿಗೆ, ಬ್ಯೂರೋಗೆ ಅದೇ ದಿನ ಕಳಿಸಿ.